ಎಡಗಿವಿಯ ಹಿಂದಿನ ಸದ್ದು

ಹೆಣದ ಮೇಲೆ ಎರಡನೇ ಚೊಂಬು ನೀರು ಸುರಿಯಲು ಹೋದ ಪಕ್ಕದ ಮನೆಯ ಹನುಮಕ್ಕ ಕೈ ತಡೆದಳು. ಅರಿಶಿನ ಕದಡಿದ ನೀರು ಇಳಿದುಹೋದ ಮೇಲೆ ಕತ್ತಿನ ಎಡಭಾಗದಲ್ಲಿ ಏನೋ ಕಂಡಿತು. ಬಗ್ಗಿ ನೋಡಿದಳು. ಹೊಲಿಗೆ ಹಾಕಿದ ಹಳೆಯ ಗೆರೆ ಅವಳಿಗೆ ಗೊತ್ತಿದ್ದದ್ದೇ. ಮದರಾಸಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದಾಗ ಬೀದಿಯವರೆಲ್ಲ ಅದನ್ನು ನೋಡಿದ್ದರು. ಈಗ ಕಂಡದ್ದು ಅದಲ್ಲ. ದವಡೆಯ ಕೆಳಗೆ ಕಪ್ಪಾಗಿ ಕಂದಿದ ಕಲೆಗಳು. ಒಂದೊಂದೂ ಬೆರಳ ತುದಿಯಷ್ಟಿದ್ದವು.

ಸುತ್ತ ಸೀರೆ ಮರೆ ಹಿಡಿದು ನಿಂತಿದ್ದ ಹೆಂಗಸರು ಮುಖ ಆಚೆ ತಿರುಗಿಸಿಕೊಂಡಿದ್ದರು. ಹೆಣದ ಬೆನ್ನಿಗೆ ಕೈಕೊಟ್ಟು ಕೂತಿದ್ದವಳು ಬೋರಮ್ಮ, ಸತ್ತ ಅಕ್ಕಯ್ಯಮ್ಮನ ಸವತಿ.

"ಇದೇನೇ ಬೋರಿ?" ಎಂದಳು ಹನುಮಕ್ಕ ಮೆಲ್ಲಗೆ.

"ಏನಿಲ್ಲ ಕಣಕ್ಕ. ನೀರು ಹಾಕು."

"ಬೆರಳಿನ ಗುರುತು ಕಣೇ ಇವು."

"ಊಂ. ನಂದೇ. ನೀರು ಹಾಕು, ಅಕ್ಕಂಗೆ ಚಳಿ ಆಗತ್ತೆ."

ಸತ್ತವಳಿಗೆ ಚಳಿ ಆಗತ್ತೆ ಎಂದ ಮಾತು ಕೇಳಿ ಮರೆ ಹಿಡಿದಿದ್ದವರಲ್ಲಿ ಒಬ್ಬಳು ತಿರುಗಿದಳು. ಅವಳು ಚಿಕ್ಕಲಕ್ಷ್ಮಮ್ಮ, ಸತ್ತವಳ ಅತ್ತಿಗೆ. ಬೆಳಿಗ್ಗೆಯಷ್ಟೇ ಗಂಡನ ಜೊತೆ ಬ್ಯಾಡರಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬಂದಿದ್ದಳು. ತವರಿನ ಹಸಿರು ಸೀರೆಯೂ ಬಳೆಯೂ ಅವಳ ಮಡಿಲಲ್ಲೇ ಇದ್ದವು. ಅವಳು ಕತ್ತನ್ನು ನೋಡಿದಳು, ಬೋರಮ್ಮನ ಮುಖ ನೋಡಿದಳು. ಕೈಯಲ್ಲಿದ್ದ ಸೀರೆಯ ತುದಿ ಬಿಟ್ಟು ಕಿರುಚಿದಳು.

"ಅಯ್ಯೋ, ಬನ್ರಪ್ಪೋ! ಹಿಸುಕಿ ಕೊಂದವ್ಳೆ! ನಮ್ಮ ಹುಡುಗೀನ ಸವತಿ ಹಿಸುಕಿ ಕೊಂದವ್ಳೆ!"

ಮರೆ ಬಿದ್ದುಹೋಯಿತು. ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಗಂಡಸರು ಎದ್ದು ಓಡಿಬಂದರು. ಹನುಮಕ್ಕ ಅವಸರದಲ್ಲಿ ತನ್ನ ಸೆರಗನ್ನೇ ಎಳೆದು ಅಕ್ಕಯ್ಯಮ್ಮನ ಒದ್ದೆ ಮೈಯ ಮೇಲೆ ಹೊದಿಸಿದಳು.

ರಾಜಾಜಿನಗರದ ಕಾರ್ಮಿಕರ ಮನೆಗಳ ಸಾಲಿನಲ್ಲಿ ಅದು ಕೊನೆಯ ಮನೆ. ಅದರಾಚೆಗೆ ಹೊಲ. ಮನೆಯ ಯಜಮಾನ ಮುನಿರಾಜು ಮಿಲ್ಲಿನಲ್ಲಿ ಮಗ್ಗ ನಡೆಸುವವನು. ಮೊದಲ ಹೆಂಡತಿ ಅಕ್ಕಯ್ಯಮ್ಮನ ಪ್ರಾಣ ಹಿಂದಿನ ದಿನ ಮಧ್ಯಾಹ್ನ ಹೋಗಿತ್ತು. ಅವಳ ಅಣ್ಣ ವೆಂಕಟಗಿರಿ ಬರಲಿ ಎಂದು ಹೆಣ ಇಟ್ಟುಕೊಂಡಿದ್ದರು. ಈಗ ಆ ಅಣ್ಣ ಹೆಣದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಂಗಿಯ ಗಲ್ಲವನ್ನು ಒಂದು ಬೆರಳಿನಿಂದ ಆಚೆ ಸರಿಸಿ ನೋಡಿದ. ದೊಡ್ಡ ಆಳು, ಎದ್ದು ನಿಲ್ಲಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಯಾರು ಮಾಡಿದ್ದು ಇದು?"

"ನಾನೇ ಒತ್ತಿದ್ದು," ಎಂದಳು ಬೋರಮ್ಮ. "ಅಕ್ಕಾನೇ ಒತ್ತು ಅಂದ್ಲು. ಒತ್ತಿದ್ರೆ ಸದ್ದು ನಿಲ್ತಿತ್ತು."

* * *

ಬೋರಮ್ಮ ಕೆಂಗೇರಿ ಕಡೆಯವಳು. ತಂದೆ ತಾಯಿ ಇಲ್ಲದೆ ದೊಡ್ಡಪ್ಪನ ಮನೆಯಲ್ಲಿ ಬೆಳೆದವಳು. ಅಕ್ಕಯ್ಯಮ್ಮನಿಗೆ ಮಕ್ಕಳಾಗಲಿಲ್ಲವೆಂದು ಮುನಿರಾಜು ಅವಳನ್ನು ಎರಡನೆಯವಳಾಗಿ ತಂದ. ಅದು ತಪ್ಪೆಂದು ಹೇಳುವ ಕಾನೂನು ಆಗ ಇನ್ನೂ ಬಂದಿರಲಿಲ್ಲ. ಅಕ್ಕಯ್ಯಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಗೋಡೆಗೂಡಿನಲ್ಲಿ ತನ್ನ ಸಾಮಾನುಗಳನ್ನು ಒಂದು ಬದಿಗೆ ಒತ್ತರಿಸಿ ಅರ್ಧ ಜಾಗ ಬಿಟ್ಟುಕೊಟ್ಟಳು. ಆಮೇಲೆ ತಿಂಗಳುಗಟ್ಟಲೆ ಹೊಸಬಳೊಡನೆ ಮಾತಾಡಲಿಲ್ಲ.

ಇಬ್ಬರೂ ಹಗಲೆಲ್ಲ ಎದುರುಬದುರು ಕೂತು ಊದುಬತ್ತಿ ಹೊಸೆಯುತ್ತಿದ್ದರು. ಕಪ್ಪು ಹಿಟ್ಟನ್ನು ಮಣೆಯ ಮೇಲಿಟ್ಟು ಕಡ್ಡಿ ಹೊರಳಿಸುವುದನ್ನು ಬೋರಮ್ಮ ಅಕ್ಕಯ್ಯಮ್ಮನ ಕೈ ನೋಡಿಯೇ ಕಲಿತಳು. ತಪ್ಪಾದರೆ ಅಕ್ಕಯ್ಯಮ್ಮ ಆ ಕಡ್ಡಿಯನ್ನು ಮಾತಿಲ್ಲದೆ ಎತ್ತಿಕೊಂಡು ಹಿಟ್ಟು ಉಜ್ಜಿ ತೆಗೆದು ಮತ್ತೆ ಅವಳ ಮುಂದೆ ಇಡುತ್ತಿದ್ದಳು. ವರ್ಷ ಕಳೆದು ಎರಡಾಯಿತು. ಬೋರಮ್ಮನಿಗೂ ಮಕ್ಕಳಾಗಲಿಲ್ಲ. ಬೀದಿಯ ಹೆಂಗಸರು ಆ ವಿಷಯ ಎತ್ತುವುದನ್ನು ನಿಲ್ಲಿಸಿದರು. ಮುನಿರಾಜು ಮನೆಗೆ ತಡವಾಗಿ ಬರತೊಡಗಿದ.

ಅಂಥದೊಂದು ಮಧ್ಯಾಹ್ನ ಅಕ್ಕಯ್ಯಮ್ಮನೇ ಮೊದಲ ಮಾತಾಡಿದಳು.

"ತಲೆ ಕಡೀತಾ ಇದೆ. ಹೇನಿದ್ಯೇನೋ ನೋಡು."

ಬೋರಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲು ಬಿಡಿಸಿದಳು. ಎಡಗಿವಿಯ ಹಿಂದೆ ಸೀರು ಹುಡುಕಲು ಬಗ್ಗಿದಾಗ ಏನೋ ಕೇಳಿಸಿತು. ದೂರದಲ್ಲಿ ಯಾರೋ ಕುಲುಮೆಯ ತಿದಿ ಒತ್ತುತ್ತಿದ್ದಾರೆ ಅನ್ನಿಸಿ ತಲೆ ಎತ್ತಿದಳು. ಬೀದಿಯಲ್ಲಿ ಏನೂ ಇರಲಿಲ್ಲ. ಮತ್ತೆ ಬಗ್ಗಿದಳು. ಹುಶ್, ಹುಶ್, ಹುಶ್. ನಾಡಿಯ ಹೊಡೆತದ ಜೊತೆ ಜೊತೆಗೇ ಏರಿ ಇಳಿಯುತ್ತಿತ್ತು. ಬುರುಡೆಯ ಒಳಗಿನಿಂದಲೇ ಬರುತ್ತಿತ್ತು.

"ಅಕ್ಕ, ನಿನ್ನ ತಲೆ ಒಳಗೆ ಏನೋ ಸದ್ದಾಗ್ತಾ ಇದೆ."

ಅಕ್ಕಯ್ಯಮ್ಮ ಎದ್ದು ಕೂತಳು. ಬೋರಮ್ಮನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಳು.

"ನಿಂಗೆ ಕೇಳಿಸ್ತಾ?"

"ಹೂಂ. ಹುಶ್ ಹುಶ್ ಅಂತ."

"ನಿಜ ಹೇಳು. ನನ್ನ ಸಮಾಧಾನಕ್ಕೆ ಹೇಳ್ಬೇಡ."

"ದೇವರಾಣೆ ಅಕ್ಕ."

ಅಕ್ಕಯ್ಯಮ್ಮ ಆಗ ಅತ್ತಳು. ಸವತಿ ಬಂದ ದಿನ ಅಳದವಳು, ಕಪ್ಪು ಹಿಟ್ಟು ಮೆತ್ತಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತಳು. ಆ ಸದ್ದು ಬೋರಮ್ಮ ಬರುವ ಮೊದಲೇ ಶುರುವಾಗಿತ್ತಂತೆ. ಗಂಡನಿಗೆ ಹೇಳಿದ್ದಳು. ಅವನು ಕಿವಿ ಇಟ್ಟೂ ನೋಡಿದ್ದ. ಆದರೆ ಮಗ್ಗಗಳ ಗದ್ದಲದಲ್ಲಿ ಹತ್ತಾರು ವರ್ಷ ನಿಂತ ಅವನ ಕಿವಿಗಳಿಗೆ ಎದುರಿನವರ ಮಾತೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಏನೂ ಇಲ್ಲ ಬಿಡು, ಮನಸ್ಸಿಂದು, ಎಂದಿದ್ದ.

"ನಾನು ಹುಚ್ಚಿ ಅಲ್ಲ ಅಲ್ವೇನೇ?" ಎಂದು ಅಕ್ಕಯ್ಯಮ್ಮ ಆ ದಿನವೆಲ್ಲ ಕೇಳುತ್ತಲೇ ಇದ್ದಳು.

* * *

"ಯಾವ ಸದ್ದು?" ಎಂದ ವೆಂಕಟಗಿರಿ. ಹೆಣಕ್ಕೆ ಹಸಿರು ಸೀರೆ ಉಡಿಸಿ ಜಗಲಿಯ ಮೇಲೆ ಮಲಗಿಸಿದ್ದರು. ಅಂಗಳದಲ್ಲಿ ಜನ ಸೇರಿದ್ದರು. "ಆ ಸದ್ದಿನ ಕತೆ ನಂಗೆ ಹೇಳ್ಬೇಡ. ನೀನು ಕಾಲಿಟ್ಟ ಮೇಲೆ ಬಂದ ಸದ್ದು ಅದು."

"ನಾ ಬರೋಕೆ ಮುಂಚೇನೇ ಇತ್ತಣ್ಣ. ನಂಗೆ ಗೊತ್ತಾಗಿದ್ದು ಆಮೇಲೆ."

"ಅಣ್ಣ ಅನ್ಬೇಡ ನನ್ನ."

ಪಕ್ಕದ ಸಾಲಿನ ಗೋಪೀನಾಥ ಮುಂದೆ ಬಂದ. ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಜಗಳ ಬಿಡಿಸಲು ಬೀದಿಯವರು ಅವನನ್ನೇ ಕರೆಯುವುದು.

"ಯಜಮಾನ್ರೇ, ಸ್ವಲ್ಪ ತಾಳ್ಮೆ ತಗೊಳಿ. ಆ ಯಮ್ಮಂಗೆ ತಲೆಯಲ್ಲಿ ಕಾಯಿಲೆ ಇತ್ತು. ಮದರಾಸಿಗೆ ಹೋಗಿದ್ದು ನಿಮಗೂ ಗೊತ್ತಿದೆ. ನಮ್ಮ ಮಿಲ್ ಡಾಕ್ಟರ್ರೇ ಬರೆದು ಕಳಿಸಿದ್ದು."

"ಕರೀರಿ ಆ ಡಾಕ್ಟ್ರನ್ನ. ಬಂದು ಹೇಳ್ಲಿ."

"ಅವರು ವಿಲಾಯ್ತಿಗೆ ಓದೋಕೆ ಹೋದ್ರು. ಹೋಗಿ ವರ್ಷ ಆಯ್ತು." ಗೋಪೀನಾಥ ವೆಂಕಟಗಿರಿಯ ಹತ್ತಿರ ಸರಿದು, "ಅನುಮಾನ ಇದ್ರೆ ಪೊಲೀಸ್ಗೆ ಹೇಳೋಣ," ಎಂದ. "ದೊಡ್ಡಾಸ್ಪತ್ರೆಗೆ ತಗೊಂಡೋಗಿ ಕುಯ್ದು ನೋಡ್ತಾರೆ. ಯಾತ್ರಿಂದ ಸತ್ರು ಅಂತ ಗೊತ್ತಾಗತ್ತೆ."

ಬೋರಮ್ಮ ತಟ್ಟನೆ ತಲೆ ಎತ್ತಿದಳು.

"ನೋಡ್ಲಿ ಸಾರ್. ಕುಯ್ದು ನೋಡ್ಲಿ. ಒಳಗೆ ಇರತ್ತೆ. ಮದರಾಸು ಡಾಕ್ಟ್ರು ಹೇಳಿದ್ರಲ್ಲ, ಆ ರಕ್ತನಾಳ ಅಲ್ಲೇ ಇರತ್ತೆ. ತಲೆ ಬಿಚ್ಚಿದ್ರೆ ಕಾಣತ್ತೆ."

ಚಿಕ್ಕಲಕ್ಷ್ಮಮ್ಮ ಎದೆ ಬಡಿದುಕೊಂಡಳು.

"ಕೇಳಿದ್ರಾ? ಕೊಂದಿದ್ದು ಸಾಲ್ದು, ತಲೆ ಬೇರೆ ಬಿಚ್ಚಿಸ್ತಾಳಂತೆ!"

"ಒಂದ್ಸಲ ಕುತ್ತಿಗೆ ಕುಯ್ಸಿದ್ದೀರಿ," ಎಂದ ವೆಂಕಟಗಿರಿ. "ನನ್ನ ಕೇಳ್ದೆ ಕುಯ್ಸಿದ್ರಿ. ಇನ್ನೊಂದ್ಸಲ ಅವಳ ಮೈಗೆ ಕತ್ತಿ ಮುಟ್ಸೋಕೆ ನಾ ಬಿಡಲ್ಲ. ಪೊಲೀಸೂ ಬೇಡ, ಯಾರೂ ಬೇಡ."

* * *

ವೆಂಕಟಗಿರಿಗೆ ತಂಗಿಯ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ತಾಯಿ ತೀರಿಕೊಂಡಾಗ ಅಕ್ಕಯ್ಯಮ್ಮ ಇನ್ನೂ ಚಿಕ್ಕವಳು. ಹೊಲಕ್ಕೆ ಹೋಗುವಾಗ ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಮಿಲ್ಲಿನ ಕೆಲಸದವನೆಂದು ಮುನಿರಾಜುವಿಗೆ ಕೊಟ್ಟವನೂ ಅವನೇ. ಆ ಗಂಡ ಇನ್ನೊಬ್ಬಳನ್ನು ತಂದಾಗ, ಅವನು ಬೆಂಗಳೂರಿಗೆ ಬಂದು ಒಂದು ಲೋಟ ನೀರನ್ನೂ ಮುಟ್ಟದೆ ಹಿಂದಿರುಗಿದ್ದ.

ಬೋರಮ್ಮನಿಗೆ ಸದ್ದು ಕೇಳಿಸಿದ ಮೇಲೆ ಬಂದ ಗೌರಿ ಹಬ್ಬಕ್ಕೆ ಅಕ್ಕಯ್ಯಮ್ಮ ತವರಿಗೆ ಹೋದಳು. ಈ ಸಲ ಅವಳಿಗೆ ಧೈರ್ಯವಿತ್ತು. ಊಟವಾದ ಮೇಲೆ ಅಣ್ಣನ ಪಕ್ಕದಲ್ಲಿ ಕೂತು, ಕೂದಲು ಸರಿಸಿ ಎಡಗಿವಿ ತೋರಿಸಿದಳು.

"ಇಲ್ಲಿ ಕಿವಿ ಇಟ್ಟು ಕೇಳಣ್ಣ."

"ಏನೇ ಅದು?"

"ತಲೆ ಒಳಗೆ ಸದ್ದಾಗತ್ತೆ. ರಾತ್ರಿ ಹಗಲು ಬಿಡಲ್ಲ. ಸುಳ್ಳಲ್ಲ, ಬೋರಿಗೂ ಕೇಳಿಸ್ತು."

ವೆಂಕಟಗಿರಿಯ ಮುಖ ಬದಲಾಯಿತು.

"ಅವಳಿಗೆ ಕೇಳಿಸ್ತಾ? ಅವಳಿಗಲ್ದೆ ಇನ್ಯಾರಿಗೆ ಕೇಳಿಸತ್ತೆ? ಮಾಡ್ಸಿದೋಳೇ ಅವಳು."

"ಹಂಗಲ್ಲಣ್ಣ. ನೀನೊಂದ್ಸಲ ಕೇಳಿಬಿಡು. ಒಂದೇ ಒಂದ್ಸಲ."

ಅವನು ಕೇಳಲಿಲ್ಲ. ಹೆದರಿದ್ದ. ತಂಗಿಯ ತಲೆಯೊಳಗೆ ಕೂತಿರುವುದು ತನ್ನ ಕಿವಿಗೂ ಬಂದುಬಿಟ್ಟರೆ ಎಂದು ದೂರ ಸರಿದು ಕೂತ. ಮಾರನೆಯ ದಿನ ಅವಳನ್ನು ಮಾಟ ತೆಗೆಯುವವನ ಬಳಿ ಕರೆದುಕೊಂಡು ಹೋದ. ಅಲ್ಲಿ ಜುಟ್ಟು ಹಿಡಿದು ಎಳೆದರು. ಬೇವಿನ ಬರಲಿನಿಂದ ತಲೆಗೆ, ಬೆನ್ನಿಗೆ ಹೊಡೆದರು. ಹೆಸರು ಹೇಳು, ಹೆಸರು ಹೇಳು, ಎಂದರು. ಕೊನೆಗೆ ಹೊಡೆತ ತಾಳಲಾರದೆ ಅಕ್ಕಯ್ಯಮ್ಮ ಬೋರಮ್ಮನ ಹೆಸರು ಹೇಳಿಬಿಟ್ಟಳು. ಅದು ಮಾಟದವಳ ಹೆಸರು ಎಂದು ಅಲ್ಲಿದ್ದವರೆಲ್ಲ ತಿಳಿದರು. ಬಂದು ತನ್ನನ್ನು ಬಿಡಿಸು ಎಂದು ಕರೆದ ಹೆಸರು ಅದು ಎಂದು ಯಾರಿಗೂ ಹೊಳೆಯಲಿಲ್ಲ.

ಮನೆಗೆ ಬಂದವಳ ನೆತ್ತಿಯ ಗಾಯಕ್ಕೆ ಬೋರಮ್ಮ ಅರಿಶಿನ ಹಚ್ಚಿದಳು. ಅಂದಿನಿಂದ ಅಕ್ಕಯ್ಯಮ್ಮ ಮತ್ತೆ ಯಾರಿಗೂ ತಲೆ ಕೊಟ್ಟು ಕೇಳಿ ಎನ್ನಲಿಲ್ಲ. ಪಕ್ಕದ ಮನೆಯ ಹನುಮಕ್ಕನಿಗೆ ಕೂಡ ತಲೆನೋವು ಎಂದಷ್ಟೇ ಗೊತ್ತಿತ್ತು.

* * *

ಮಿಲ್ಲಿನ ಡಾಕ್ಟರು ಹೊಸಬ, ಚಿಕ್ಕ ವಯಸ್ಸಿನವನು. ಬೋರಮ್ಮನೇ ಅಕ್ಕಯ್ಯಮ್ಮನನ್ನು ಎಳೆದುಕೊಂಡು ಹೋಗಿ ಅವನ ಮುಂದೆ ಕೂರಿಸಿದಳು. ಎದೆಗೆ ಇಡುವ ಸ್ಟೆತಾಸ್ಕೋಪನ್ನು ಅವನು ಕಿವಿಯ ಹಿಂದೆ ಇಟ್ಟ. ಅವನ ಹುಬ್ಬು ಮೇಲೇರಿತು. ತೆಗೆದು, ಒರೆಸಿ, ಮತ್ತೆ ಇಟ್ಟ. ಕಂಪೌಂಡರನ್ನು ಕರೆದು ಅವನಿಗೂ ಕೇಳಿಸಿದ. ಮದರಾಸಿನಲ್ಲಿ ತಲೆಯ ಆಪರೇಷನ್ ಮಾಡುವವರಿದ್ದಾರೆ, ಅವರಿಗೆ ಬರೆಯುತ್ತೇನೆ ಎಂದ.

ಮೂವರೂ ರೈಲು ಹತ್ತಿ ಹೋದರು. ಮಿಲ್ಲಿನಲ್ಲಿ ಜೊತೆಯವರಿಂದ ಕಲಿತ ತಮಿಳು ಮುನಿರಾಜುವಿಗೆ ಬರುತ್ತಿತ್ತು. ಅಲ್ಲಿಯ ದೊಡ್ಡ ಡಾಕ್ಟರು ಹೇಳಿದ್ದನ್ನು ಅವನು ಒಂದೊಂದೇ ಮಾತಾಗಿ ಹೆಂಡತಿಯರಿಗೆ ತಿಳಿಸಿದ. ಬುರುಡೆಯ ಒಳಗೆ, ಮಿದುಳಿನ ಸುತ್ತ ದಪ್ಪನೆಯ ಪೊರೆಯೊಂದಿದೆ. ಆ ಪೊರೆಯಲ್ಲಿ ರಕ್ತ ತರುವ ನಾಳವೂ ರಕ್ತ ಒಯ್ಯುವ ನಾಳವೂ ಸೇರಬಾರದ ಕಡೆ ನೇರವಾಗಿ ಸೇರಿಬಿಟ್ಟಿವೆ. ಬೀದಿ ಕೊಳಾಯಿಯನ್ನು ಚರಂಡಿಗೇ ತಿರುಗಿಸಿದ ಹಾಗೆ ಎಲ್ಲ ರಭಸವೂ ಅಲ್ಲಿಗೆ ನುಗ್ಗುತ್ತಿದೆ. ಅದೇ ಸದ್ದು. ಹುಚ್ಚಲ್ಲ, ಗಾಳಿಯಲ್ಲ. ಆ ಜಾಗಕ್ಕೆ ಕೈ ಹಾಕುವುದು ಅಪಾಯ. ಕುತ್ತಿಗೆಯಲ್ಲಿ ರಕ್ತ ತರುವ ನಾಳವನ್ನು ಕಟ್ಟಿಹಾಕಿ ನೋಡೋಣ.

ಕಟ್ಟಿದರು. ಪ್ರಜ್ಞೆ ಬಂದಾಗ ಅಕ್ಕಯ್ಯಮ್ಮ ಮಾತಾಡದೆ ಕಣ್ಣು ತೆರೆದುಕೊಂಡು ಮಲಗಿದ್ದಳು. ನೋವಾ ಅಕ್ಕ, ಎಂದು ಬೋರಮ್ಮ ಕೇಳಿದರೆ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಬಹಳ ಹೊತ್ತಿನ ಮೇಲೆ, "ಗೋಡೆ ಗಡಿಯಾರ ಟಿಕ್ ಟಿಕ್ ಅಂತಿದೆ ಕಣೇ," ಎಂದು ನಕ್ಕಳು.

ಆ ನಾಲ್ಕೈದು ತಿಂಗಳು ಮನೆ ಬೇರೆಯೇ ಆಗಿತ್ತು. ಅಕ್ಕಯ್ಯಮ್ಮ ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಕೂತು ಗುಬ್ಬಚ್ಚಿಗಳ ಗಲಾಟೆ ಕೇಳುತ್ತಿದ್ದಳು. ಹನುಮಕ್ಕ ರಾಗಿ ಬೀಸುವ ಸದ್ದು ಕೇಳುತ್ತಿದ್ದಳು. ಇಷ್ಟು ದಿನ ಇವೆಲ್ಲ ಎಲ್ಲಿದ್ವೇ, ಎನ್ನುತ್ತಿದ್ದಳು. ಬೋರಮ್ಮನನ್ನು ಕರೆದುಕೊಂಡು ಟೆಂಟಿನಲ್ಲಿ ಸಿನಿಮಾ ನೋಡಿಬಂದಳು. ಗಟ್ಟಿಯಾಗಿ ನಗುವವಳು ಅವಳು ಎಂದು ಬೀದಿಗೆ ತಿಳಿದದ್ದು ಆಗಲೇ.

ಒಂದು ದಿನ ಊಟ ಮಾಡುತ್ತಿದ್ದಾಗ ಅವಳ ಕೈಯ ಮುದ್ದೆ ತಟ್ಟೆಗೆ ಇಳಿಯಿತು. ಬೋರಮ್ಮ ಎದ್ದು ಬಂದು ಕಿವಿ ಇಟ್ಟಳು. ತೆಳ್ಳಗೆ, ದೂರದಲ್ಲಿ, ಹುಶ್ ಹುಶ್. ಅಕ್ಕಯ್ಯಮ್ಮ ಮತ್ತೆ ಮುದ್ದೆ ಮುರಿದು ಸಾರಿಗೆ ಅದ್ದಿದಳು, ಆದರೆ ತಿನ್ನಲಿಲ್ಲ.

ಮತ್ತೆ ಮದರಾಸಿಗೆ ಹೋದಾಗ ಡಾಕ್ಟರು ಬಹಳ ಹೊತ್ತು ಅವಳ ತಲೆಗೆ ಸ್ಟೆತಾಸ್ಕೋಪು ಇಟ್ಟುಕೊಂಡಿದ್ದ. ಒಂದು ದಾರಿ ಮುಚ್ಚಿದರೆ ಸಣ್ಣಸಣ್ಣ ನಾಳಗಳು ಉಬ್ಬಿ ಬೇರೆ ದಾರಿ ಮಾಡಿಕೊಂಡಿವೆ, ಇನ್ನು ಕಟ್ಟಲು ಆಗುವುದಿಲ್ಲ, ಎಂದ. ಒಂದನ್ನು ಹೇಳಿಕೊಟ್ಟ. ಬಲಗೈ ಬೆರಳುಗಳಿಂದ ಎಡಗತ್ತಿನ ಈ ಜಾಗವನ್ನು ಒತ್ತಿ ಹಿಡಿಯುವುದು. ಒತ್ತಿದಷ್ಟು ಹೊತ್ತು ಸದ್ದು ನಿಲ್ಲುತ್ತದೆ. ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಕೆಲವರಿಗೆ ಒಳಗಿನ ರಕ್ತ ಹೆಪ್ಪುಗಟ್ಟಿ ಆ ದಾರಿ ತಾನಾಗಿ ಮುಚ್ಚಿಕೊಳ್ಳುವುದೂ ಉಂಟು.

"ಆದ್ರೆ ನಿನ್ನ ಕೈಯಿಂದ್ಲೇ ಒತ್ಕೋಬೇಕಂತೆ," ಎಂದು ಮುನಿರಾಜು ತಿಳಿಸಿದ. "ಅದೂ ಬಲಗೈಯಿಂದ್ಲೇ. ಎಡಗತ್ತಲ್ಲಿ ಹೋಗೋ ರಕ್ತಾನೇ ಬಲಗೈ ಆಡಿಸೋದಂತೆ. ಒತ್ತಿದ್ದು ಜಾಸ್ತಿ ಆಗಿ ಮಿದುಳಿಗೆ ರಕ್ತ ಸಾಲ್ದೇ ಹೋದ್ರೆ, ಬಲಗೈ ತಾನಾಗೇ ಸೋತು ಕೆಳಗೆ ಬೀಳತ್ತಂತೆ. ಜೀವ ಉಳಿಯತ್ತೆ. ಬೇರೆಯವ್ರು ಒತ್ತಿದ್ರೆ ಆ ಕೈ ಬೀಳಲ್ವಲ್ಲ."

* * *

"ಮುನಿರಾಜು, ನೀನು ಹೇಳಪ್ಪ," ಎಂದ ಗೋಪೀನಾಥ. "ಮದರಾಸಲ್ಲಿ ಒತ್ತೋಕೆ ಹೇಳಿದ್ರಾ ಇಲ್ವಾ?" ಅವನ ಕಿವಿಯ ಬಳಿ ಬಾಯಿಟ್ಟು ಗಟ್ಟಿಯಾಗಿ ಕೇಳಿದ.

ಮುನಿರಾಜು ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದ.

"ಹೇಳಿದ್ರು."

ಬೋರಮ್ಮ ಉಸಿರು ಬಿಟ್ಟಳು. ಹನುಮಕ್ಕನ ಮುಖವೂ ಸಡಿಲವಾಯಿತು.

"ಆ ಸದ್ದು ನೀನು ಕೇಳಿದ್ಯಾ ಬಾವ?" ಎಂದು ವೆಂಕಟಗಿರಿ ಕೇಳಿದ.

"ನನ್ನ ಕಿವಿ ಗೊತ್ತಲ್ಲ. ನಂಗೆ ಕೇಳಿಸಿಲ್ಲ."

"ಒತ್ತೋಕೆ ಹೇಳಿದ್ದು ಯಾರಿಗೆ? ಇವಳಿಗಾ?"

ಮುನಿರಾಜು ಬೋರಮ್ಮನತ್ತ ನೋಡಿದ. ಅವನು ಸುಳ್ಳು ಹೇಳುವವನಲ್ಲ. ಹೇಳಬೇಕಾದ ಹೊತ್ತಿನಲ್ಲಿಯೂ ಅವನಿಗೆ ಅದು ಬರಲಿಲ್ಲ.

"ಇಲ್ಲ. ಅಕ್ಕಯ್ಯಂಗೆ. ಅವಳ ಕೈಲೇ ಒತ್ಕೋಬೇಕು, ಬೇರೆಯವ್ರು ಒತ್ತಬಾರದು ಅಂದಿದ್ರು."

"ಒತ್ತಬಾರದು ಅಂತ ಇವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಗೋಪೀನಾಥ ಕನ್ನಡಕ ತೆಗೆದು ಒರೆಸತೊಡಗಿದ. ಹನುಮಕ್ಕ ಬೋರಮ್ಮನ ಪಕ್ಕದಿಂದ ಎದ್ದು ಆಚೆ ಹೋಗಿ ನಿಂತಳು.

"ಅಕ್ಕನ ಬಲಗೈ ಬಿದ್ದೋಗಿತ್ತಲ್ಲ!" ಎಂದಳು ಬೋರಮ್ಮ. "ಹೇಳ್ರೀ ಅದನ್ನೂ. ಕೈಗೆ ಬಲ ಇರ್ಲಿಲ್ಲ ಅಂತ ಹೇಳ್ರೀ. ಅವಳು ಹೆಂಗೆ ಒತ್ಕೋಬೇಕಿತ್ತು?"

ಮುನಿರಾಜು ತಲೆ ತಗ್ಗಿಸಿದ. ಅವನಿಗೆ ಕೇಳಿಸಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

* * *

ಕೈ ಸೋತದ್ದು ಮೊದಲು ತಿಳಿದದ್ದು ಊದುಬತ್ತಿಯಲ್ಲಿ. ಅಕ್ಕಯ್ಯಮ್ಮ ಹೊಸೆದ ಕಡ್ಡಿಗಳು ಗಂಟುಗಂಟಾಗತೊಡಗಿದವು. ಬೋರಮ್ಮ ಅವನ್ನು ಸದ್ದಿಲ್ಲದೆ ಎತ್ತಿಕೊಂಡು ಮತ್ತೆ ಹೊಸೆದು ಇಡುತ್ತಿದ್ದಳು. ಬರಬರುತ್ತ ಬಲಗೈ ಲೋಟ ಹಿಡಿಯದಾಯಿತು. ಕಣ್ಣು ಮಂಜಾಯಿತು. ಒಲೆಯ ಮುಂದೆ ಕೂತು ಯಾಕೆ ಕೂತೆನೆಂದು ಮರೆಯುತ್ತಿದ್ದಳು. ಸದ್ದು ಮಾತ್ರ ಮರೆಯಾಗಲಿಲ್ಲ. ಈಗ ಅದು ಬೋರಮ್ಮನಿಗೆ ಪಕ್ಕದ ಚಾಪೆಯಲ್ಲಿ ಮಲಗಿದ್ದಾಗಲೂ ಕೇಳಿಸುವಂತಿತ್ತು.

"ನೀನೇ ಒತ್ತೇ," ಎಂದು ಅಕ್ಕಯ್ಯಮ್ಮ ಕೇಳತೊಡಗಿದಳು.

"ಬೇಡಕ್ಕ. ಡಾಕ್ಟ್ರು ಬೇಡ ಅಂದವ್ರೆ."

"ಡಾಕ್ಟ್ರ ತಲೇಲಿ ಇದ್ಯಾ ಇದು? ಒಂದು ಗಳಿಗೆ ಒತ್ತೇ. ಒಂದು ಗಳಿಗೆ ನಿದ್ದೆ ಮಾಡ್ತೀನಿ."

ಬೋರಮ್ಮ ಅನೇಕ ದಿನ ಒಪ್ಪಲಿಲ್ಲ. ಆಮೇಲೆ ಅಕ್ಕಯ್ಯಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನೋಡಲಾರದೆ ಒಪ್ಪಿದಳು. ಸ್ವಲ್ಪ ಹೊತ್ತು ಒತ್ತಿ, ಬಿಟ್ಟು, ಹೆಸರು ಕೂಗಿ, ಮತ್ತೆ ಒತ್ತುತ್ತಿದ್ದಳು. ಊದುಬತ್ತಿ ಹೊಸೆದು ಗಟ್ಟಿಯಾದ ಬೆರಳುಗಳು ಅವಳವು.

ನಿನ್ನೆ ಭಾನುವಾರ. ಮುನಿರಾಜು ಹೊರಗೆ ಜಗಲಿಯಲ್ಲಿ ಮಲಗಿದ್ದ. ಬೆಳಿಗ್ಗೆಯಿಂದ ಅಕ್ಕಯ್ಯಮ್ಮನಿಗೆ ತಲೆ ಸಿಡಿಯುತ್ತಿತ್ತು. ಎರಡು ಸಲ ವಾಂತಿ ಮಾಡಿಕೊಂಡಳು. ಮಧ್ಯಾಹ್ನ ಬೋರಮ್ಮನ ತೊಡೆಯ ಮೇಲೆ ತಲೆ ಇಟ್ಟು, "ಒತ್ತು," ಎಂದಳು.

ಬೋರಮ್ಮ ಒತ್ತಿದಳು.

"ಊಂ. ನಿಲ್ತು," ಎಂದಳು ಅಕ್ಕಯ್ಯಮ್ಮ. ಕಣ್ಣು ಮುಚ್ಚಿದಳು. ಹಣೆಯ ಗೆರೆಗಳು ಒಂದೊಂದಾಗಿ ಬಿಟ್ಟುಕೊಂಡವು. "ಬಿಡ್ಬೇಡ ಕಣೇ."

ಹಾಗೆ ಹೇಳಿದವಳ ಮುಖದಲ್ಲಿ ಅಷ್ಟು ಸುಖ ಕಂಡದ್ದು ಬೋರಮ್ಮನಿಗೆ ಬಹಳ ದಿನಗಳ ಮೇಲೆ. ಬಿಡಬೇಕಾದ ಹೊತ್ತಿಗೆ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಇನ್ನೊಂದು ಸ್ವಲ್ಪ ಎಂದುಕೊಂಡಳು. ಅಕ್ಕಯ್ಯಮ್ಮನ ಉಸಿರು ಒಮ್ಮೆ ಗೊರಗೊರ ಎಂದಿತು. ನಿದ್ದೆ ಹತ್ತಿತು ಎಂದುಕೊಂಡಳು. ಬೆರಳು ಜೋಮು ಹಿಡಿದ ಮೇಲೆ ಮೆಲ್ಲಗೆ ಕೈ ತೆಗೆದಳು. ಕೈ ತೆಗೆದ ಕೂಡಲೇ ಸದ್ದು ಶುರುವಾಗುವುದು ವಾಡಿಕೆ. ಈ ಸಲ ಆಗಲಿಲ್ಲ. ಬಗ್ಗಿ ಕಿವಿ ಇಟ್ಟಳು. ಇಲ್ಲ. ಇನ್ನೂ ಒತ್ತಿ ಇಟ್ಟಳು. ಏನೂ ಇಲ್ಲ. ಡಾಕ್ಟರು ಹೇಳಿದಂತೆ ದಾರಿ ಮುಚ್ಚಿಕೊಂಡಿತು ಎಂದು ಅವಳ ಎದೆ ಹಾರಿತು.

ಅಕ್ಕಯ್ಯಮ್ಮನ ತಲೆಯನ್ನು ದಿಂಬಿಗೆ ಇಳಿಸಿ, ಎದ್ದು ಓಡಿ, ಜಗಲಿಯಲ್ಲಿದ್ದ ಗಂಡನನ್ನು ಅಲುಗಾಡಿಸಿದಳು.

"ಎದ್ದೇಳ್ರೀ! ಅಕ್ಕನ ಸದ್ದು ನಿಂತೋಯ್ತು! ಕೈ ತೆಗೆದ್ರೂ ಬರ್ತಾ ಇಲ್ಲ! ವಾಸಿ ಆಯ್ತು ಕಣ್ರೀ!"

ಮುನಿರಾಜು ನಗುತ್ತಲೇ ಒಳಗೆ ಬಂದ. ಹೆಂಡತಿಯ ಪಕ್ಕದಲ್ಲಿ ಕೂತು ಅವಳ ಕೈ ಎತ್ತಿಕೊಂಡ. ಆ ಕೈ ಅವನ ಕೈಯಲ್ಲಿ ಉಳಿಯಲಿಲ್ಲ. ಅವನ ನಗು ನಿಧಾನವಾಗಿ ಆರಿತು. ಅದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ ಬೋರಮ್ಮನಿಗೆ ಆಗ ತಿಳಿಯಿತು.

ತಲೆಯೊಳಗಿನದು ಒಡೆದು ಹೋದಳೋ, ತನ್ನ ಬೆರಳಿನ ಕೆಳಗೆ ಹೋದಳೋ. ನಿನ್ನೆಯಿಂದ ಬೋರಮ್ಮ ತನ್ನನ್ನು ಕೇಳಿಕೊಳ್ಳುತ್ತಿದ್ದುದು ಅದೊಂದನ್ನೇ. ಅಂಗಳದಲ್ಲಿ ಕೂಡಿದ್ದ ಜನ ಅದನ್ನು ಕೇಳಲಿಲ್ಲ. ಅವರಿಗೆ ಉತ್ತರ ಸಿಕ್ಕಿತ್ತು.

* * *

ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೊಲೀಸಿಗೆ ಹೇಳುವುದು ಬೇಡ. ಹೆಣ ರಾಜಾಜಿನಗರದ ಮಣ್ಣಿಗೆ ಹೋಗುವುದೂ ಬೇಡ. ಬ್ಯಾಡರಹಳ್ಳಿಯಲ್ಲಿ ಅಪ್ಪ ಅಮ್ಮನ ಪಕ್ಕ ಅಣ್ಣನ ಹೊಲದಲ್ಲೇ ಮಣ್ಣು ಮಾಡುವುದು. ಮುನಿರಾಜು ಬಂದು ಗಂಡನ ಕೆಲಸ ಮಾಡಬಹುದು. ಬೋರಮ್ಮ ಬರಕೂಡದು, ಇನ್ನು ಹೆಣ ಮುಟ್ಟಕೂಡದು.

"ತಿಥಿ ಹೊತ್ತಿಗೆ ಇವಳು ಈ ಮನೇಲಿ ಇರಬಾರದು," ಎಂದ ವೆಂಕಟಗಿರಿ. "ಇದ್ರೆ ನಾನೇ ಸ್ಟೇಷನ್ನಿಗೆ ಹೋಗ್ತೀನಿ. ಏನಂತೀಯಾ ಬಾವ?"

ಮುನಿರಾಜು ಆಗಲಿ ಎಂದು ತಲೆಯಾಡಿಸಿದ.

"ಎಲ್ಲಿಗೆ ಹೋಗ್ಲಿ ನಾನು?" ಎಂದು ಬೋರಮ್ಮ ಗಂಡನನ್ನು ಕೇಳಿದಳು. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಗಾಡಿಯತ್ತ ನಡೆದ. ಕೆಂಗೇರಿಯ ದೊಡ್ಡಪ್ಪ ತೀರಿಹೋಗಿದ್ದ. ಅವನ ಮಕ್ಕಳು ಅವಳ ಮುಖ ನೋಡಿ ವರ್ಷಗಳಾಗಿದ್ದವು.

ಹೆಣವನ್ನು ಹುಲ್ಲು ಹಾಸಿದ ಗಾಡಿಯ ಮೇಲೆ ಮಲಗಿಸಿ, ಅಲುಗದಂತೆ ಹಗ್ಗ ಸುತ್ತಿದರು. ಚಿಕ್ಕಲಕ್ಷ್ಮಮ್ಮ ಎಲೆ ಅಡಿಕೆ, ಹೂವು ಇಟ್ಟಳು. ಗಾಡಿ ಹೊರಟಿತು. ಬೀದಿಯ ಗಂಡಸರು ಸ್ವಲ್ಪ ದೂರ ಹಿಂದೆ ನಡೆದು ಹಿಂದಿರುಗಿದರು. ಹೆಂಗಸರು ಕೊಳಾಯಿಯ ಬಳಿ ಮೀಯಲು ನೀರು ಹಿಡಿಯುತ್ತಿದ್ದರು. ಬೋರಮ್ಮ ಬಿಂದಿಗೆ ತಂದು ನಿಂತಾಗ ಯಾರೂ ಬೈಯಲಿಲ್ಲ; ತಮ್ಮ ತಮ್ಮ ಬಿಂದಿಗೆ ಎತ್ತಿಕೊಂಡು ಹೊರಟುಹೋದರು. ಹನುಮಕ್ಕ ಎಲ್ಲರಿಗಿಂತ ಹಿಂದೆ ಉಳಿದಳು.

"ನಂಗೊಂದು ಮಾತು ಹೇಳ್ಬೇಕಿತ್ತು ನೀನು," ಎಂದಳು. "ನಾನೂ ಕಿವಿ ಇಟ್ಟು ಕೇಳ್ತಿದ್ದೆ."

"ಅಕ್ಕ ಬೇಡ ಅಂದಿದ್ಲು."

"ಈಗ ಯಾರ್ ನಂಬ್ತಾರೆ ಹೇಳು."

"ನೀನು ನಂಬ್ತೀಯಾ?"

ಹನುಮಕ್ಕ ಬಿಂದಿಗೆ ಸೊಂಟಕ್ಕೇರಿಸಿದಳು.

ಬೋರಮ್ಮ ತನ್ನ ಬಿಂದಿಗೆಯನ್ನು ಕೊಳಾಯಿಯ ಕೆಳಗೇ ಬಿಟ್ಟು ಮಾಗಡಿ ರಸ್ತೆಯತ್ತ ನಡೆದಳು. ಗಾಡಿ ದೂರದಲ್ಲಿ ಕಾಣುತ್ತಿತ್ತು. ಕಾಮಾಕ್ಷಿಪಾಳ್ಯ ದಾಟುವವರೆಗೆ ಅವಳು ಮರಗಳ ಮರೆಯಲ್ಲೇ ಹೋದಳು. ಆಚೆಗೆ ಬಯಲು. ಹಿಂದೆ ನಡೆಯುತ್ತಿದ್ದ ಮುನಿರಾಜು ಒಮ್ಮೆ ತಿರುಗಿ ನೋಡಿದ. ಅವಳು ರಸ್ತೆಯ ಬದಿಯಲ್ಲಿ ಕೂತಳು. ಗಾಡಿ ಮುಂದೆ ಹೋದ ಮೇಲೆ ಎದ್ದಳು. ಸುಂಕದಕಟ್ಟೆಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದಾಗ ಅವಳೂ ಬಿಸಿಲಲ್ಲಿ ನಿಂತಳು. ಮುನಿರಾಜು ಮತ್ತೆ ತಿರುಗಿ ನೋಡಲಿಲ್ಲ.

ಸುದ್ದಿ ಮುಂದಾಗಿ ಹೋಗಿದ್ದರಿಂದ ಬ್ಯಾಡರಹಳ್ಳಿಯ ಹೊಲದಲ್ಲಿ ಗುಂಡಿ ತೋಡಿ ಆಗಿತ್ತು. ರಾಗಿ ಕುಯ್ದ ಕೂಳೆಯ ನಡುವೆ ಕೆಂಪು ಮಣ್ಣು ರಾಶಿ ಬಿದ್ದಿತ್ತು. ಬೋರಮ್ಮ ರಸ್ತೆಯ ಈಚೆ ಬದಿಯಲ್ಲೇ ನಿಂತಳು. ಅಲ್ಲಿಂದ ಮುಖಗಳು ಕಾಣುತ್ತಿರಲಿಲ್ಲ. ಹಸಿರು ಸೀರೆ ಒಮ್ಮೆ ಜನರ ಕೈಗಳ ಮೇಲೆ ಕಂಡು, ಕೆಳಗಿಳಿದು, ಮರೆಯಾಯಿತು. ಒಬ್ಬೊಬ್ಬರಾಗಿ ಬಗ್ಗಿ ಮೂರು ಮೂರು ಹಿಡಿ ಮಣ್ಣು ಹಾಕಿದರು. ಅಣ್ಣ ಹಾಕಿದ. ಗಂಡ ಹಾಕಿದ. ಊರಿನವರು, ಅಕ್ಕಯ್ಯಮ್ಮನನ್ನು ಸರಿಯಾಗಿ ನೋಡಿಯೂ ಇರದವರು ಹಾಕಿದರು.

ಬೋರಮ್ಮ ಬಗ್ಗಿ ತನ್ನ ಕಾಲ ಬಳಿಯ ಮಣ್ಣನ್ನೇ ಒಂದು ಹಿಡಿ ಎತ್ತಿಕೊಂಡು ಹೊಲದತ್ತ ಕೈಚಾಚಿದಳು. ಮಾಗಡಿಯ ಕಡೆಯಿಂದ ಬಸ್ಸೊಂದು ಬಂತು. ರಸ್ತೆಯ ಮೇಲೆ ನಿಂತವಳನ್ನು ಕಂಡು ಡ್ರೈವರು ವೇಗ ತಗ್ಗಿಸಿದ. ಕಂಡಕ್ಟರು ತಲೆ ಹೊರಗೆ ಹಾಕಿ, "ಬೆಂಗಳೂರಾ? ಬರ್ತೀಯಾ ತಾಯಿ?" ಎಂದು ಕೂಗಿದ. ಅವಳು ಅಲುಗಲಿಲ್ಲ. ಬಸ್ಸು ಹೋಯಿತು. ಅದು ಎಬ್ಬಿಸಿದ ದೂಳು ಕರಗಿದಾಗ ಹೊಲದಲ್ಲಿ ಗಂಡಸರು ಗುದ್ದಲಿ ತೊಳೆಯುತ್ತಿದ್ದರು. ಬೋರಮ್ಮ ಇನ್ನೂ ಅಲ್ಲೇ ನಿಂತಿದ್ದಳು, ಕೈಚಾಚಿ, ಹಿಡಿ ಬಿಚ್ಚದೆ.